ಉಂಗುರ ಕಿತ್ತ ಒಪಿನೆಲ್‌ಗೆ ‘1955ಕ್ಕೂ ಹಿಂದಿನದು’ ಅಂತ ಹೆಸರು: ದುಡ್ಡು ಕಳಿಸುವ ಮುಂಚೆ ನೋಡಿ

ಒಪಿನೆಲ್ (ಮರದ ಹಿಡಿಯ ಫ್ರೆಂಚ್ ಮಡಚುವ ಚಾಕು) 8ನೇ ನಂಬರಿನ ಅಳತೆ, ಕಾರ್ಬನ್ ಉಕ್ಕಿನ ಅಲಗು, ‘ಉಂಗುರ ಬರೋ ಮುಂಚಿನ ಕಾಲದ್ದು’ ಅಂತ ಯಾರಾದರೂ ಮಾರೋಕೆ ಬಂದರೆ ಸ್ವಲ್ಪ ತಡೆಯಿರಿ. ನಾನು ತಡೆಯಲಿಲ್ಲ. ಮೂರು ಹೊಸ ಚಾಕು ಬರುತ್ತಿದ್ದ ದುಡ್ಡನ್ನು ಒಂದಕ್ಕೇ ಸುರಿದೆ.

ತೆರೆದ ಅಲಗು ಮಡಚಿಕೊಳ್ಳದಂತೆ ಹಿಡಿಯುವ ಈ ತಿರುಗುವ ಉಂಗುರ, ವಿರೋಬ್ಲಾಕ್ ಅನ್ನುವುದು, ಬಂದದ್ದು 1955ರಲ್ಲಿ. ಅದಕ್ಕೂ ಮುಂಚೆ ಅಲಗು ನಿಲ್ಲುತ್ತಿದ್ದದ್ದು ಹಿಡಿಯ ಬಿಗಿಯಲ್ಲಿ ಮಾತ್ರ. ಹಾಗಾಗಿ ಉಂಗುರ ಇಲ್ಲದ 8ನೇ ನಂಬರು ಅಂದಕೂಡಲೇ ಹಳೇ ಚಾಕು ಕೂಡಿಡೋ ನಮ್ಮಂಥವರ ಕಿವಿ ನೆಟ್ಟಗಾಗುತ್ತೆ. (2ರಿಂದ 5ರವರೆಗಿನ ಚಿಕ್ಕವಕ್ಕೆ ಇವತ್ತಿಗೂ ಉಂಗುರ ಇಲ್ಲ. ಅದನ್ನೇ ತೋರಿಸಿ ‘ಪುರಾತನ’ ಅನ್ನೋರೂ ಇದ್ದಾರೆ.) ಚಿತ್ರದಲ್ಲಿ ಕಪ್ಪಗಾದ ಅಲಗು, ಕಂದು ತಿರುಗಿದ ಬೀಚ್ ಮರದ ಹಿಡಿ, ಉಂಗುರವಿಲ್ಲ. ಎಲ್ಲಾ ಸರಿಯಾಗಿಯೇ ಇತ್ತು. ತೀರಾ ಸರಿಯಾಗಿತ್ತು ಅನ್ನೋದು ಆಗ ಹೊಳೆಯಲಿಲ್ಲ.

ಪೊಟ್ಟಣ ಬಿಚ್ಚಿ ಚಾಕುವನ್ನು ಕಿಟಕಿ ಬೆಳಕಿಗೆ ಹಿಡಿದರೆ, ಹಿಡಿಯ ತುದಿಯಲ್ಲಿರುವ ಲೋಹದ ಕೊರಳಪಟ್ಟಿಯ ಸುತ್ತ ಗೀರು. ಉದ್ದುದ್ದಕ್ಕಲ್ಲ, ಅಡ್ಡಡ್ಡಕ್ಕೆ, ಬಳೆ ಹಾಕಿ ತಿರುಗಿಸಿದ ಹಾಗೆ, ಒಂದರ ಪಕ್ಕ ಒಂದು, ನುಣ್ಣಗೆ ಹೊಳೆಯುವ ಗೆರೆಗಳು. ಉಂಗುರವನ್ನೇ ಕಾಣದ ಕೊರಳಿಗೆ ಉಂಗುರ ಸವೆದ ಗುರುತು ಎಲ್ಲಿಂದ ಬಂತು? ಪಟ್ಟಿಯ ಸೀಳಿನ ಅಂಚಲ್ಲಿ ಎರಡು ಹೊಸ ಕಚ್ಚು, ಇಕ್ಕಳವೋ ಸ್ಕ್ರೂಡ್ರೈವರೋ ಜಾರಿದ್ದು. ಉಂಗುರವನ್ನು ಸ್ವಲ್ಪ ಅಗಲಿಸಿದರೆ ಅದು ಹೊರಗೆ ಬರುತ್ತೆ, ಅಂಥ ದೊಡ್ಡ ವಿದ್ಯೆಯೇನಲ್ಲ.

ಆಮೇಲೆ ಅಲಗು ಕೂರುವ ಸೀಳಿನೊಳಗೆ ಟಾರ್ಚ್ ಬಿಟ್ಟೆ. ಒಳಗೆ ಮರ ಬೆಳ್ಳಗೆ! ಹೊರಗೆ ಅಜ್ಜನ ಕಾಲದ ಕಂದು, ಒಳಗೆ ನಿನ್ನೆ ಕೊಯ್ದ ಮರ. ನಿಜವಾಗಿ ಜೇಬಲ್ಲಿ ವರ್ಷಗಟ್ಟಲೆ ಓಡಾಡಿದ ಚಾಕುವಿನ ಸೀಳಲ್ಲಿ ಎಣ್ಣೆ, ಧೂಳು, ಬಟ್ಟೆಯ ನಾರು, ಹಣ್ಣಿನ ರಸ ಎಲ್ಲಾ ಸೇರಿ ಕಪ್ಪು ಜಿಡ್ಡು ಕೂತಿರುತ್ತೆ. ಬಣ್ಣ ಬಳಿಯುವವರ ಬಟ್ಟೆ ಅಲ್ಲಿಗೆ ತಲುಪಲ್ಲ.

ಅಲಗೂ ಅಷ್ಟೇ. ಬಳಸಿ ಬಳಸಿ ಬಂದ ಪ್ಯಾಟಿನಾ (ಉಕ್ಕಿನ ಮೇಲೆ ಕೂರುವ ಕಪ್ಪು ಛಾಯೆ) ತೇಪೆ ತೇಪೆಯಾಗಿರುತ್ತೆ, ಒಂದು ಕಡೆ ನೀಲಿ, ಒಂದು ಕಡೆ ಬೂದು, ಅಂಚಿನ ಹತ್ತಿರ ಸಾಣೆಗೆ ಬೆಳ್ಳಗೆ. ಇದು ವಿನೆಗರ್‌ನಲ್ಲಿ ಅದ್ದಿದ್ದು: ಉದ್ದಕ್ಕೂ ಒಂದೇ ಬೂದು, ಬುಡದ ಹತ್ತಿರ ನೀರಿನ ಮಟ್ಟದಂತೆ ನೇರ ಗೆರೆ, ಗೆರೆಯ ಆಚೆ ಫಳಫಳ. ಹಿಡಿ ನೆನೆದರೆ ಮರ ಉಬ್ಬಿ ಅಲಗು ಕಚ್ಚಿಕೊಳ್ಳುತ್ತೆ, ಅದಕ್ಕೇ ಅಲ್ಲಿಗೆ ನಿಲ್ಲಿಸಿದ್ದಾನೆ.

ಮಾರಿದವನಿಗೆ ಗೀರಿನ ಚಿತ್ರ ಕಳಿಸಿ ಕೇಳಿದೆ. ಮೊದಲ ಉತ್ತರ: ‘ಹಳೇ ಚಾಕು ಸಾರ್, ಗೀರು ಇರಲ್ವಾ?’

ಅಡ್ಡಡ್ಡಕ್ಕೆ ಸುತ್ತಲೂ ಯಾಕಿದೆ ಅಂದೆ. ಒಂದು ದಿನ ಬಿಟ್ಟು: ‘ಎಷ್ಟೋ ಜನ ಉಂಗುರ ತೆಗೆದೇ ಇಟ್ಕೋತಾರೆ. ಅದು ಅವರವರ ರುಚಿ. ಬೇರೆಯವರ ರುಚಿಗೂ ಸ್ವಲ್ಪ ಮರ್ಯಾದೆ ಕೊಡಿ.’

ಇದು! ಇದೇ ನನ್ನ ಹೊಟ್ಟೆ ಉರಿಸಿದ್ದು. ರುಚಿಯ ಬಗ್ಗೆ ನನಗೆ ಪಾಠ! ಉಂಗುರ ತೆಗೆದು ಬಳಸೋರು ಇದ್ದಾರೆ, ನಿಜ. ಅಲಗಿಗೆ ಬೇಕಂತಲೇ ವಿನೆಗರ್, ಸಾಸಿವೆ ಹಚ್ಚಿ ಬಣ್ಣ ಬರಿಸೋರು ಇದ್ದಾರೆ, ಚೂರು ಕಲೆ ಕಂಡರೂ ಕನ್ನಡಿ ಥರ ತಿಕ್ಕೋರು ಇದ್ದಾರೆ. ಒಬ್ಬರಿಗೆ ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ 91 ಮಿ.ಮೀ. ಕೆಂಪು ಹಿಡಿಯದ್ದೇ ಬೇಕು, ಇನ್ನೊಬ್ಬರು ಅದರದ್ದೇ ಅಲಾಕ್ಸ್ (ಅಲ್ಯೂಮಿನಿಯಂ ಹಿಡಿಯದ್ದು) ಬಿಟ್ಟು ಬೇರೆ ಮುಟ್ಟಲ್ಲ. ಯಾರದನ್ನೂ ಆಡಿಕೊಳ್ಳೋಕೆ ನನಗೆ ಕಾರಣ ಇಲ್ಲ. ‘ಉಂಗುರ ನಾನೇ ತೆಗೆದಿದ್ದೇನೆ, ಬಣ್ಣ ನಾನೇ ಹಚ್ಚಿದ್ದೇನೆ’ ಅಂತ ಬರೆದು ಹೊಸದರ ಬೆಲೆಗೆ ಮಾರಿದ್ದರೆ ಅದು ರುಚಿ. ಅದೇ ಚಾಕುವಿಗೆ ‘1955ಕ್ಕೂ ಹಿಂದಿನದು’ ಅಂತ ಬರೆದರೆ ಅದು ಸುಳ್ಳು. ಅಮೆರಿಕದ ಕೇಸ್ ಕಂಪನಿಯ ಚಾಕುಗಳಲ್ಲೂ ಇದೇ ಗೋಳು. 1970ರಲ್ಲಿ ಅಲಗಿನ ಬುಡದ ಮುದ್ರೆಯ ಕೆಳಗೆ 10 ಚುಕ್ಕೆ, ಆಮೇಲೆ ವರ್ಷಕ್ಕೊಂದು ಕಮ್ಮಿ, ಅದರಿಂದಲೇ ಇಸವಿ ಲೆಕ್ಕ. ಜೋರಾಗಿ ಪಾಲಿಶ್ ಹೊಡೆದರೆ ಚುಕ್ಕೆ ಅಳಿಸಿ ಇಸವಿಯೇ ಬದಲಾಗುತ್ತೆ. ಹೊಳಪು ಇಷ್ಟಪಡಿ, ಬೇಡ ಅನ್ನಲ್ಲ. ಹೊಡೆದಿದ್ದೀನಿ ಅಂತ ಹೇಳಿ ಮಾರಿ.

ಮೂರನೇ ಉತ್ತರ: ‘ಇಷ್ಟು ಅಗ್ಗದ ಚಾಕುಗೆ ಇಷ್ಟು ರಗಳೆಯಾ? ದೊಡ್ಡ ಸಂಗ್ರಹಕಾರರು ಹೀಗೆಲ್ಲ ಕೇಳಲ್ಲ.’ ಬಿಳಿ ಮರದ ಚಿತ್ರ ಕಳಿಸಿದ ಮೇಲೆ ಉತ್ತರವೇ ಇಲ್ಲ, ಬ್ಲಾಕ್.

ಅಗ್ಗದ್ದನ್ನು ಕೂಡಿಡೋರಿಗೆ ಬುದ್ಧಿ ಕಮ್ಮಿ ಅಂದುಕೊಂಡಿದ್ದಾನೆ ಆಸಾಮಿ. ಕಮ್ಮಿಯೇ ಇತ್ತು ಬಿಡಿ, ಆ ದಿನದ ಮಟ್ಟಿಗೆ.

ಕೇಳಬೇಕಾದ್ದು ಇಷ್ಟೇ. ಕೊರಳಪಟ್ಟಿಯ ಸುತ್ತಲಿನ ನಾಲ್ಕು ಚಿತ್ರ. ಅಲಗು ತೆರೆದಿಟ್ಟು ಸೀಳಿನೊಳಗೆ ಬೆಳಕು ಬಿಟ್ಟ ಚಿತ್ರ. ಅಲಗಿನ ಎರಡೂ ಬದಿ ಬುಡದವರೆಗೆ, ಹಗಲು ಬೆಳಕಲ್ಲಿ, ಮುದ್ರೆ ಓದುವ ಹಾಗೆ. ಕೊಡಲ್ಲ ಅಂದರೆ ಬಿಟ್ಟುಬಿಡಿ, ‘ಇವತ್ತೇ ಬೇರೆಯವರು ತಗೊಳ್ತಾರೆ’ ಅಂದರೂ ಬಿಟ್ಟುಬಿಡಿ. ನನ್ನ ಹತ್ತಿರ ಅದನ್ನೇ ಹೇಳಿದ್ದ. ಗೊತ್ತಿಲ್ಲದೆ ಇಂಥದ್ದು ಕೊಂಡವರು ಅದರಲ್ಲಿ ಗಟ್ಟಿ ವಸ್ತು ಕೊಯ್ಯೋಕೆ ಹೋಗಬೇಡಿ, ಲಾಕ್ ಇಲ್ಲ, ಅಲಗು ಮಡಚಿಕೊಂಡರೆ ನೇರ ಬೆರಳ ಮೇಲೆ.

ಅದೇ ಆಸಾಮಿ ಈಗ ಇನ್ನೆರಡು ‘ಉಂಗುರಪೂರ್ವ’ 8ನೇ ನಂಬರು ಹಾಕಿದ್ದಾನೆ. ಎರಡರಲ್ಲೂ ಕೊರಳಪಟ್ಟಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಚಿತ್ರ ತೆಗೆದಿದ್ದಾನೆ.