ಕಾಫ್ಕಾ ನೋಡಿಕೊಳ್ಳಲು ಯಾವ ಕಂಟೇನರ್? ಕಾಫ್‌ಡ್ರಾಪ್, ಎಕೆಎಚ್‌ಕ್ಯೂ, ಕಾಫ್ಕಾ ಯುಐ

ಕಾಫ್ಕಾ ಅಂದರೆ ಪ್ರೋಗ್ರಾಂಗಳ ನಡುವೆ ಮೆಸೇಜ್ ಸಾಗಿಸುವ ವ್ಯವಸ್ಥೆ. ಅದರೊಳಗೆ ಏನಾಗುತ್ತಿದೆ ಅಂತ ಬ್ರೌಸರ್‌ನಲ್ಲಿ ತೋರಿಸುವ ಈ ಮೂರು ಟೂಲ್‌ಗಳನ್ನೂ ಒಂದೇ ಡಾಕರ್ ಕಂಪೋಸ್ ಫೈಲಿನಲ್ಲಿ (ಹಲವು ಕಂಟೇನರ್‌ಗಳನ್ನು ಒಟ್ಟಿಗೆ ಎಬ್ಬಿಸುವ ಫೈಲ್), ಒಂದೇ ಕಾಫ್ಕಾ ಕ್ಲಸ್ಟರ್‌ಗೆ ಜೋಡಿಸಿ ಬಳಸಿ ನೋಡಿದೆ. ನಾನು ಮುಖ್ಯವಾಗಿ ನೋಡಿದ್ದು ಒಂದೇ: ಕನ್ಸ್ಯೂಮರ್ (ಮೆಸೇಜ್ ಓದುವ ಪ್ರೋಗ್ರಾಂ) ಸಿಕ್ಕಿಹಾಕಿಕೊಂಡಾಗ ಯಾವುದು ಕೈಹಿಡಿಯುತ್ತದೆ?

ಶುರು ಮಾಡುವುದು ಕಾಫ್‌ಡ್ರಾಪ್‌ನಲ್ಲೇ ಸುಲಭ. ಬ್ರೋಕರ್ (ಕಾಫ್ಕಾ ಸರ್ವರ್) ವಿಳಾಸ ಕೊಟ್ಟರೆ ಸಾಕು, 9000 ಪೋರ್ಟ್‌ನಲ್ಲಿ ತೆರೆದುಕೊಳ್ಳುತ್ತದೆ. ಮೆಮೊರಿಯೂ ಕಡಿಮೆ ಸಾಕು. ಟಾಪಿಕ್ (ಮೆಸೇಜ್‌ಗಳ ಸಾಲು), ಪಾರ್ಟಿಷನ್ (ಟಾಪಿಕ್‌ನ ಭಾಗ), ಲ್ಯಾಗ್ (ಇನ್ನೂ ಓದದೆ ಉಳಿದ ಮೆಸೇಜ್‌ಗಳ ಸಂಖ್ಯೆ) ಎಲ್ಲ ಕಾಣುತ್ತದೆ. ಆದರೆ ಆಫ್‌ಸೆಟ್, ಅಂದರೆ ಎಲ್ಲಿಂದ ಓದಬೇಕು ಅನ್ನುವ ಸಂಖ್ಯೆ, ಬದಲಿಸಲು ಆಗುವುದಿಲ್ಲ. ಅದರದ್ದೇ ಲಾಗಿನ್ ಕೂಡ ಇಲ್ಲ, ಹಾಗಾಗಿ ಮುಂದೆ ಲಾಗಿನ್ ಕೇಳುವ ಪ್ರಾಕ್ಸಿ ಇಡದೆ ಪ್ರೊಡಕ್ಷನ್‌ಗೆ ಬಿಡಬೇಡಿ.

ಒಂದು ವಿಷಯ ಮೂರಕ್ಕೂ ಅನ್ವಯಿಸುತ್ತದೆ. ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ, ನಿಮ್ಮ ಬ್ರೋಕರ್ ಅಲ್ಲ. ಕಂಪೋಸ್ ನೆಟ್‌ವರ್ಕ್‌ಗೆ ಅಂತಲೇ ಬ್ರೋಕರ್‌ನಲ್ಲಿ ಬೇರೆ ಲಿಸನರ್ (ಸಂಪರ್ಕ ಸ್ವೀಕರಿಸುವ ದಾರಿ) ಇಟ್ಟು, ಅದರ ವಿಳಾಸ ಕೊಡಿ.

ನಿಜವಾದ ಪೈಪೋಟಿ ಉಳಿದೆರಡರ ನಡುವೆ. ಪರೀಕ್ಷೆಗೆ ಅಂತ ಒಂದು ಪಾರ್ಟಿಷನ್‌ಗೆ ಮುರಿದ ಜೇಸನ್ ಮೆಸೇಜ್ ಹಾಕಿದೆ. ಕನ್ಸ್ಯೂಮರ್ ಅಲ್ಲೇ ನಿಂತಿತು, ಲ್ಯಾಗ್ ಏರತೊಡಗಿತು. ಎಕೆಎಚ್‌ಕ್ಯೂನಲ್ಲಿ ಕನ್ಸ್ಯೂಮರ್ ಗ್ರೂಪ್ (ಒಟ್ಟಿಗೆ ಓದುವ ಕನ್ಸ್ಯೂಮರ್‌ಗಳ ಗುಂಪು) ತೆರೆದರೆ ಪ್ರತಿ ಪಾರ್ಟಿಷನ್‌ನ ಆಫ್‌ಸೆಟ್ ತಿದ್ದಲು ಒಂದೊಂದು ಖಾನೆ ಇರುತ್ತದೆ. ಕನ್ಸ್ಯೂಮರ್ ನಿಲ್ಲಿಸಿ, ಸಂಖ್ಯೆಗೆ ಒಂದು ಕೂಡಿಸಿ, ಉಳಿಸಿದರೆ ಆ ಮೆಸೇಜ್ ದಾಟಿಹೋಯಿತು. ಗ್ರೂಪ್ ಓಡುತ್ತಿದ್ದರೆ ಕಾಫ್ಕಾನೇ ಇದಕ್ಕೆ ಒಪ್ಪುವುದಿಲ್ಲ, ಅದು ಒಳ್ಳೆಯದೇ. ಕಾಫ್ಕಾ ಯುಐನಲ್ಲೂ ಇದೇ ಕೆಲಸ ಆಗುತ್ತದೆ. ಅಲ್ಲಿ ಟಾಪಿಕ್, ರೀಸೆಟ್ ಬಗೆ, ಪಾರ್ಟಿಷನ್ ಅಂತ ಒಂದೊಂದಾಗಿ ಆರಿಸುತ್ತಾ ಹೋಗಬೇಕು. ಗಡಿಬಿಡಿಯಲ್ಲಿ ನನಗೆ ಎಕೆಎಚ್‌ಕ್ಯೂ ಪುಟವೇ ಹಿಡಿಸಿತು. ಎಲ್ಲ ಪಾರ್ಟಿಷನ್‌ಗಳೂ ಒಟ್ಟಿಗೆ ಕಣ್ಣೆದುರು ಇರುತ್ತವೆ, ಅಲ್ವಾ?

ಹೊಸಬರಿಗೆ ಮಾತ್ರ ಕಾಫ್ಕಾ ಯುಐ ಕೊಡುತ್ತೇನೆ. ನೋಟ ಅಚ್ಚುಕಟ್ಟು, ಮೆಸೇಜ್ ಫಿಲ್ಟರ್ ಚೆನ್ನಾಗಿದೆ, ಕ್ಲಸ್ಟರನ್ನು ಓದಲಷ್ಟೇ ಬಿಡುವ ಸೆಟ್ಟಿಂಗ್ ಇದೆ. ಎಕೆಎಚ್‌ಕ್ಯೂನ ಯಾಮಲ್ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸ್ಪೇಸ್ ತಪ್ಪಿದರೂ ಹೊಸಬರು ಸುಮ್ನೆ ಒದ್ದಾಡುತ್ತಾರೆ. ಕಾಫ್ಕಾ ಯುಐ ಇಮೇಜ್ ಎಳೆಯುವಾಗ ಹೆಸರು ನೋಡಿಕೊಳ್ಳಿ. ಪ್ರೊವೆಕ್ಟಸ್‌ನ ಹಳೆಯ ಇಮೇಜ್ 2024ರ 0.7.2ಕ್ಕೆ ನಿಂತಿದೆ, ಈಗ ಕೆಲಸ ಮುಂದುವರಿದಿರುವುದು ಕಾಫ್‌ಬ್ಯಾಟ್ ಹೆಸರಿನಲ್ಲಿ.

ಯಾಹೂದಿಂದ ಬಂದ ಇಂಥದ್ದೇ ಟೂಲ್ ಸಿಮ್ಯಾಕ್ ಅನ್ನು ನಾನು ಸೇರಿಸಲಿಲ್ಲ. ಅದಕ್ಕೆ ಝೂಕೀಪರ್ (ಹಳೆಯ ಕಾಫ್ಕಾ ಕ್ಲಸ್ಟರ್‌ನ ಮಾಹಿತಿ ಇಡುತ್ತಿದ್ದ ಬೇರೆ ಸರ್ವರ್) ಬೇಕು, 2025ರಲ್ಲಿ ಬಂದ ಕಾಫ್ಕಾ 4.0ರಲ್ಲಿ ಝೂಕೀಪರೇ ಇಲ್ಲ.

ಲ್ಯಾಗ್ ವಿಷಯದಲ್ಲಿ ಈ ಮೂರೂ ತೋರಿಸುವುದು ಈ ಕ್ಷಣದ ಲೆಕ್ಕ. ನಿನ್ನೆ ರಾತ್ರಿ ಎಷ್ಟಿತ್ತು ಅಂತ ಬೇಕಿದ್ದರೆ ಕಾಫ್ಕಾ ಎಕ್ಸ್‌ಪೋರ್ಟರ್ ಕಂಟೇನರ್ ಕೂಡ ಎಬ್ಬಿಸಿ, 9308 ಪೋರ್ಟ್ ಅನ್ನು ಪ್ರೊಮಿಥಿಯಸ್‌ಗೆ (ಅಂಕಿಅಂಶ ಸಂಗ್ರಹಿಸಿಡುವ ಟೂಲ್) ತೋರಿಸಿ, ಗ್ರಫಾನಾದಲ್ಲಿ ಗ್ರಾಫ್ ಹಾಕಿಕೊಳ್ಳಿ. ಅಲರ್ಟ್ ಅನ್ನೂ ಅಲ್ಲೇ ಇಡಿ.