ರಾಜ್ಯೋತ್ಸವಕ್ಕೆ ಟೀ ಶರ್ಟ್ ಮಾಡಿಸುವವರೇ, ಒತ್ತಕ್ಷರ ನೋಡಿಕೊಳ್ಳಿ

ನವೆಂಬರ್ 1 ಹತ್ತಿರ ಬರುತ್ತಿದೆ. ಹೋದ ವರ್ಷ ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ಶ್ರೀನಗರದಲ್ಲಿ ನಮ್ಮ ರಸ್ತೆಯವರೆಲ್ಲ ಸೇರಿ 45 ಹಳದಿ ಶರ್ಟಿಗೆ ದುಡ್ಡು ಹಾಕಿದ್ದೆವು. ಎದೆಯ ಮೇಲೆ ಕೆಂಪಿನಲ್ಲಿ ‘ಕನ್ನಡ ರಾಜ್ಯೋತ್ಸವ’, ಅದರ ಕೆಳಗೆ ಪಕ್ಕದ ಮನೆ ಹುಡುಗಿ ಬರೆದ ಭುವನೇಶ್ವರಿ ಚಿತ್ರ. ಡಿಸೈನ್ ನಾನೇ ಮಾಡಿ ಪೇಟೆ ಕಡೆಯ ಒಂದು ಪ್ರಿಂಟಿಂಗ್ ಅಂಗಡಿಗೆ ಕಳಿಸಿದೆ. ಹಣ ಪೂರ್ತಿ ಮೊದಲೇ ಕೊಟ್ಟೆ. ಅಕ್ಟೋಬರ್ 31ರ ರಾತ್ರಿ ಗಂಟು ಬಿಚ್ಚಿದರೆ ‘ಕನ್‌ನಡ ರಾಜ್‌ಯೋತ್‌ಸವ’! ನಲವತ್ತೈದಕ್ಕೆ ನಲವತ್ತೈದೂ ಹಾಗೇ. ನಮ್ಮ ರಸ್ತೆಯ ನಿವೃತ್ತ ಮೇಷ್ಟ್ರು ಒಂದನ್ನು ಎತ್ತಿ ನೋಡಿ, ಏನೂ ಅನ್ನದೆ ಮಡಚಿ ವಾಪಸ್ ಇಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ತಪ್ಪು ಎಲ್ಲಾಯಿತು ಅಂದರೆ, ನಾನು ಅಕ್ಷರಗಳನ್ನು ಟೈಪ್ ಮಾಡಿದ ಹಾಗೇ ಬಿಟ್ಟು ಫೈಲ್ ಕಳಿಸಿದ್ದೆ. ಅಂಗಡಿಯ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ, ಸಾಫ್ಟ್‌ವೇರೂ ಹಳೆಯದು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ನ, ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ಮತ್ತೆ ನ ಎಂದು ಮೂರು ಸಂಕೇತಗಳು ಸಾಲಾಗಿರುತ್ತವೆ. ಅವನ್ನು ಕೂಡಿಸಿ ‘ನ್ನ’ ಎಂದು ತೋರಿಸುವುದು ಸಾಫ್ಟ್‌ವೇರಿನ ಕೆಲಸ. ಅದಕ್ಕೆ ಕೂಡಿಸಲು ಬರದಿದ್ದರೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರಂತೂ, ಆ ಫಾಂಟ್ ಇಲ್ಲದ ಕಡೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಲಸಿಕೊಂಡು ಕಾಣುತ್ತವೆ.

ಆದ್ದರಿಂದ ಫೈಲ್ ಕಳಿಸುವ ಮುಂಚೆ ಅಕ್ಷರವನ್ನೆಲ್ಲ ಆಕಾರವಾಗಿ ಬದಲಾಯಿಸಿ. ಡಿಸೈನ್ ಸಾಫ್ಟ್‌ವೇರುಗಳಲ್ಲಿ ಇದಕ್ಕೆ ಆಯ್ಕೆ ಇರುತ್ತದೆ: ಕೋರೆಲ್ ಡ್ರಾದಲ್ಲಿ ‘ಕನ್ವರ್ಟ್ ಟು ಕರ್ವ್ಸ್’, ಇಲಸ್ಟ್ರೇಟರಿನಲ್ಲಿ ‘ಕ್ರಿಯೇಟ್ ಔಟ್‌ಲೈನ್ಸ್’. ಹಾಗೆ ಮಾಡಿದ ಮೇಲೆ ಟೈಪ್ ಮಾಡಿ ತಿದ್ದಲು ಬರುವುದಿಲ್ಲ, ಮೂಲ ಫೈಲ್ ಬೇರೆ ಇಟ್ಟುಕೊಂಡಿರಿ. ಬದಲಾಯಿಸಿದ್ದನ್ನು ಪಿಡಿಎಫ್ ಮಾಡಿ ಕೊಡಿ.

ಆ ಹುಡುಗಿಯ ಚಿತ್ರವೂ ಕೆಟ್ಟಿತ್ತು, ಗೆರೆಗಳೆಲ್ಲ ಮೆಟ್ಟಿಲು ಮೆಟ್ಟಿಲು. ಅದನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದ್ದೆ, ಅದು ಚಿತ್ರವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಇಮೇಲ್ ಮಾಡಿ. 12 ಇಂಚು ಅಗಲದ ಅಚ್ಚಿಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 3600 ಪಿಕ್ಸೆಲ್ ಬೇಕು.

ಜಗಳಕ್ಕೆ ಹೋದಾಗ ಅಂಗಡಿಯವರು, “ನೀವೇ ಓಕೆ ಅಂದಿದ್ರಲ್ಲ ಸಾರ್” ಅಂದರು. ನಿಜ. ರಾತ್ರಿ ಹನ್ನೊಂದಕ್ಕೆ ಅವರು ಕಳಿಸಿದ ಪ್ರೂಫನ್ನು, ಅಂದರೆ ಅಚ್ಚಿನ ಮಾದರಿಯನ್ನು, ಮೊಬೈಲಿನಲ್ಲಿ ಚಿಕ್ಕದಾಗಿಯೇ ನೋಡಿ, ಬಣ್ಣ ಸರಿಯಿದೆ ಅಂತ ಒಪ್ಪಿಬಿಟ್ಟಿದ್ದೆ. ಇಂಕ್ ಎಳೆಯುವ ಜಾಲರಿ, ಅಂದರೆ ಸ್ಕ್ರೀನ್, ಒಮ್ಮೆ ತಯಾರಾದರೆ ಎಲ್ಲ ಶರ್ಟಿಗೂ ಅದೇ ಅಚ್ಚು ಬೀಳುತ್ತದೆ. ಆದರೂ ಬೆಂಗಳೂರಿನಲ್ಲಿ ಅಂಗಡಿ ಇಟ್ಟುಕೊಂಡು, 45 ಸಲ ಇಂಕ್ ಎಳೆಯುವಾಗ ಒಬ್ಬರೂ ಅದನ್ನು ಓದಲಿಲ್ಲವೇ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಒಂದು ರೂಪಾಯಿಯೂ ವಾಪಸ್ ಬರಲಿಲ್ಲ.

ಮೊದಲು ಒಂದೇ ಒಂದು ಶರ್ಟ್ ಅಚ್ಚು ಹಾಕಿಸಿ. ಅಂಗಡಿಗೇ ಹೋಗಿ, ಬೆಳಕಿನಲ್ಲಿ ಹಿಡಿದು, ಅಕ್ಷರ ಅಕ್ಷರ ಬಾಯಿಬಿಟ್ಟು ಓದಿ. ಸರಿಯಿದ್ದರೆ ಉಳಿದದ್ದಕ್ಕೆ ಹೂಂ ಅನ್ನಿ. ಅಲ್ಲಿಯವರೆಗೆ ಬಾಕಿ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ.