ಚರ್ಚ್ ಸ್ಟ್ರೀಟಿನ ಹಿಂದುಗಡೆ ಒಂದು ಹಳೆಯ ಫ್ಲ್ಯಾಟು: ಕೊಂಡು ವರ್ಷ ತುಂಬಿದ ಮೇಲಿನ ವಿಮರ್ಶೆ

ಬನಶಂಕರಿ ಎರಡನೇ ಹಂತದಲ್ಲಿ ಇಪ್ಪತ್ತೊಂದು ವರ್ಷ ಬಾಡಿಗೆಗಿದ್ದ ನಾವು 2025ರ ಜನವರಿಯಲ್ಲಿ ಚರ್ಚ್ ಸ್ಟ್ರೀಟಿಗೂ ರೆಸಿಡೆನ್ಸಿ ರಸ್ತೆಗೂ ನಡುವಿನ ಒಂದು ಗಲ್ಲಿಯಲ್ಲಿ ಎರಡು ಮಲಗುವ ಕೋಣೆಗಳ ಫ್ಲ್ಯಾಟೊಂದನ್ನು ಕೊಂಡೆವು. ಕಟ್ಟಡ 1996ರದು, ಐದು ಮಹಡಿ, ಇಪ್ಪತ್ತು ಮನೆ, ಒಂದೇ ಲಿಫ್ಟು. ನಮ್ಮದು ಮೂರನೇ ಮಹಡಿ. ಇಂಥ ಜಾಗದಲ್ಲಿ ಮನೆ ಹುಡುಕುತ್ತಿರುವ ಪರಿಚಯದವರು ವಾರಕ್ಕೊಬ್ಬರಾದರೂ ಫೋನು ಮಾಡಿ "ಹೇಗಿದೆ?" ಎಂದು ಕೇಳುವುದರಿಂದ, ಪ್ರತಿಯೊಬ್ಬರಿಗೂ ಹೇಳುವುದನ್ನೇ ಒಮ್ಮೆ ಬರೆದಿಡುವುದು ಒಳ್ಳೆಯದೆನಿಸಿತು.

ಮೊದಲಿಗೆ ಸದ್ದಿನ ಮಾತು, ಏಕೆಂದರೆ ಉಳಿದದ್ದೆಲ್ಲ ಅದರ ನಂತರದ್ದು. ನಮಗೆ ಮನೆ ತೋರಿಸಿದ ದಲ್ಲಾಳಿ ನಾಲ್ಕು ಸಲ ಕರೆದೊಯ್ದರು. ನಾಲ್ಕೂ ಸಲ ವಾರದ ನಡುವಿನ ದಿನ, ಬೆಳಗ್ಗೆ ಹನ್ನೊಂದರ ಸುಮಾರು. ಆ ಹೊತ್ತಿನಲ್ಲಿ ಈ ಗಲ್ಲಿ ಮಲ್ಲೇಶ್ವರದ ಯಾವುದೋ ಅಡ್ಡರಸ್ತೆಯಷ್ಟೇ ತಣ್ಣಗಿರುತ್ತದೆ. "ರಾತ್ರಿ ಹತ್ತಾದ ಮೇಲೆ ಇಲ್ಲಿ ಸೂಜಿ ಬಿದ್ದರೂ ಕೇಳುತ್ತದೆ ಸಾರ್" ಎಂದು ಅವರು ಹೇಳಿದ್ದನ್ನು, ವಯಸ್ಸಿಗೆ ತಕ್ಕ ಬುದ್ಧಿ ಇದ್ದೂ, ನಾನು ನಂಬಿದೆ. ಗೃಹಪ್ರವೇಶವಾದ ಮೊದಲ ಶನಿವಾರ ರಾತ್ರಿ ಹನ್ನೆರಡೂವರೆಗೆ ಎಚ್ಚರವಾಗಿ ಅಡುಗೆಮನೆಗೆ ಹೋದಾಗ, ಗೂಡಿನಲ್ಲಿ ಸಾಲಾಗಿ ಕವುಚಿಟ್ಟಿದ್ದ ಸ್ಟೀಲಿನ ಲೋಟಗಳು ಒಂದಕ್ಕೊಂದು ತಗುಲಿ ಸಣ್ಣಗೆ ಗುಂಯ್‌ಗುಡುತ್ತಿದ್ದವು. ಹಾಡು ಯಾವುದೆಂದು ತಿಳಿಯುತ್ತಿರಲಿಲ್ಲ, ಹಾಡುವವರ ದನಿಯೂ ಇರಲಿಲ್ಲ. ಸುತ್ತಲಿನ ಬಾರುಗಳಿಂದ ಬರಿಯ ಧಿಮ್ ಧಿಮ್ ಎಂಬ ಬಡಿತ ಗೋಡೆಯ ಮೂಲಕ ಬಂದು ಲೋಟಗಳಲ್ಲಿ ಸೇರಿಕೊಂಡಿತ್ತು.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್, ವಾಣಿಜ್ಯ ಪ್ರದೇಶದ ಮಿತಿ 55 ಡೆಸಿಬೆಲ್. ಹತ್ತು ಡೆಸಿಬೆಲ್ಲಿನ ಈ ಅಂತರ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ, ಆದರೆ ಕಿವಿಗೆ ಅದು ಹೆಚ್ಚುಕಡಿಮೆ ಎರಡರಷ್ಟು ಜೋರು. ಊರ ನಡುವಿನ ಬೀದಿಗಳಲ್ಲಿ ನಿಮ್ಮ ಮನೆ ವಸತಿಯೇ ಆಗಿದ್ದರೂ ಬೀದಿ ವಾಣಿಜ್ಯದ್ದಾಗಿರುತ್ತದೆ. ಬಾರುಗಳಿಗೆ ರಾತ್ರಿ ಒಂದು ಗಂಟೆಯವರೆಗೆ ಅನುಮತಿಯೂ ಇದೆ. ಆದ್ದರಿಂದ ದೂರು ಕೊಟ್ಟು ಗೆಲ್ಲುತ್ತೇನೆ ಎಂಬ ಉತ್ಸಾಹದಿಂದ ಯಾರೂ ಇಲ್ಲಿ ಮನೆ ಕೊಳ್ಳಬಾರದು. 112ಕ್ಕೆ ಕರೆ ಮಾಡಿದರೆ ಪೊಲೀಸರು ಬರುತ್ತಾರೆ, ಸದ್ದು ಇಳಿಯುತ್ತದೆ, ಮುಂದಿನ ವಾರ ಮತ್ತೆ ಏರುತ್ತದೆ.

ಸಂಗೀತಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬಾಟಲಿಗಳು. ನಮ್ಮ ಕಟ್ಟಡದ ಬೆನ್ನಿಗೊಂದು ಕನ್ಸರ್ವೆನ್ಸಿ ಗಲ್ಲಿ, ಅಂದರೆ ಕಸ ಸಾಗಿಸಲೆಂದು ಬಿಟ್ಟ ಹಿತ್ತಿಲ ಓಣಿ, ಇದೆ. ರಾತ್ರಿ ಎರಡರ ಹೊತ್ತಿಗೆ, ಎಲ್ಲ ಮುಗಿದು ಇನ್ನೇನು ನಿದ್ದೆ ಹತ್ತಿತು ಎನ್ನುವಾಗ, ಒಂದು ರಾತ್ರಿಯ ಖಾಲಿ ಬಾಟಲಿಗಳನ್ನೆಲ್ಲ ಗೋಣಿಚೀಲದಿಂದ ಡ್ರಮ್ಮಿಗೆ ಸುರಿಯುತ್ತಾರೆ. ಆ ಸದ್ದಿಗೆ ಒಗ್ಗಿಕೊಳ್ಳುವುದೆಂಬುದಿಲ್ಲ. ಕೊನೆಗೆ ನಮ್ಮ ಸಂಘದ ಕಾರ್ಯದರ್ಶಿಯೂ ನಾನೂ ಹೋಗಿ ಬಾರಿನ ಹುಡುಗರೊಡನೆ ಮಾತನಾಡಿ, ಸುರಿಯುವ ಕೆಲಸವನ್ನು ಬೆಳಗಿನ ಏಳಕ್ಕೆ ಇಟ್ಟುಕೊಳ್ಳುವಂತೆ ಒಪ್ಪಿಸಿದೆವು. ಕಾನೂನು ಮಾಡದ ಕೆಲಸವನ್ನು ಒಂದು ಡಬ್ಬ ಮೈಸೂರುಪಾಕು ಮಾಡಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಕಿಟಕಿಗಳಿಗೆ ನಾವು ಮಾಡಿಸಿದ ವ್ಯವಸ್ಥೆಯನ್ನೂ ಹೇಳಬೇಕು. ಮೊದಲು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿ ಹಾಕಿಸಿದೆವು; ಹಾರನ್ನು, ಮಾತು, ನಗು ಎಲ್ಲ ನಿಂತವು, ಧಿಮ್ ಧಿಮ್ ಮಾತ್ರ ನಿಲ್ಲಲಿಲ್ಲ. ತಗ್ಗಿನ ದನಿಯನ್ನು ತಡೆಯಲು ಭಾರವಾದ ಗಾಜೂ ಎರಡು ಗಾಜುಗಳ ನಡುವೆ ಸಾಕಷ್ಟು ಅಂತರವೂ ಬೇಕು. ಹೀಗಾಗಿ ಮಲಗುವ ಕೋಣೆಯಲ್ಲಿ ಹೊರಗಿನ ಕಿಟಕಿಯಿಂದ ನಾಲ್ಕು ಅಂಗುಲ ಒಳಗೆ, ಬೇರೆ ದಪ್ಪದ ಲ್ಯಾಮಿನೇಟೆಡ್ ಗಾಜಿನ ಎರಡನೆಯ ಕಿಟಕಿಯನ್ನು ಕೂಡಿಸಿದ ಮೇಲೆ ನಿದ್ದೆ ಮರಳಿತು. ಎರಡು ಕಿಟಕಿಗೆ ಒಂದು ಲಕ್ಷ ನಲವತ್ತು ಸಾವಿರ ಖರ್ಚಾಯಿತು. ಅದನ್ನು ಮನೆಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿಕೊಳ್ಳಿ. ಎಪ್ಪತ್ತೆಂಟು ವರ್ಷದ ನನ್ನ ಅಮ್ಮನಿಗೆ ಇದಾವುದರ ಹಂಗೂ ಇಲ್ಲ. ಕಿವಿಯ ಯಂತ್ರ ತೆಗೆದು ಡಬ್ಬಿಗೆ ಹಾಕಿದರೆ ಅವರ ಪಾಲಿಗೆ ಊರು ಮಲಗಿತು.

ಇನ್ನು ಕಾಗದಪತ್ರಗಳು. ಈ ಭಾಗವನ್ನು ಹಳೆಯ ಬೆಂಗಳೂರಿಗರು ಇಂದಿಗೂ ದಂಡು ಎನ್ನುತ್ತಾರೆ. 1947ರವರೆಗೆ ಇದು ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರದೆ, ಬ್ರಿಟಿಷರ ನೇರ ಹಿಡಿತದಲ್ಲಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಮಹಾತ್ಮ ಗಾಂಧಿ ರಸ್ತೆ ಆಗ ಸೌತ್ ಪರೇಡ್. ಹಾಗಾಗಿ ಇಲ್ಲಿನ ನಿವೇಶನಗಳ ಮೂಲಪತ್ರಗಳಲ್ಲಿ ರಸ್ತೆಯ ಹೆಸರು, ಮನೆಯ ಸಂಖ್ಯೆ, ಅಳತೆ ಯಾವುದೂ ಇಂದಿನದಕ್ಕೆ ಹೊಂದದೇ ಇರಬಹುದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವ ಋಣಭಾರ ಪತ್ರ (ಆಸ್ತಿಯ ಮಾರಾಟ, ಅಡಮಾನಗಳ ದಾಖಲೆ) 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕೈಬರಹದ ಪುಸ್ತಕಗಳನ್ನೇ ನೋಡಿಸಬೇಕು. 1996ರ ಕಟ್ಟಡಕ್ಕೆ 2004ರಿಂದ ಈಚಿನ ಪತ್ರ ತೋರಿಸಿ "ಎಲ್ಲ ಕ್ಲಿಯರ್" ಎನ್ನುವವರ ಮಾತನ್ನು ಅಲ್ಲಿಗೇ ನಿಲ್ಲಿಸಿ.

2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತೆ (ನಗರಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ. ನಮಗೆ ಮಾರಿದ ಹಿರಿಯ ದಂಪತಿಯ ಹಳೆಯ ಇಂಗ್ಲಿಷ್ ಕ್ರಯಪತ್ರದಲ್ಲಿ ಯಜಮಾನರ ಹೆಸರು ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ ಇದ್ದುದರಿಂದ ಅದನ್ನು ಸರಿಪಡಿಸಲು ಐದು ವಾರ ಹಿಡಿಯಿತು. ನಾವು ಮುಂಗಡದ ಕರಾರುಪತ್ರದಲ್ಲಿ ಮೂರು ತಿಂಗಳ ಗಡುವು ಬರೆಸಿದ್ದರಿಂದ ಬಚಾವಾದೆವು. ದಲ್ಲಾಳಿ ಸೂಚಿಸಿದ್ದಂತೆ ನಲವತ್ತೈದು ದಿನ ಎಂದು ಬರೆಸಿದ್ದರೆ ಮುಂಗಡವೇ ತೂಗುಯ್ಯಾಲೆಯಲ್ಲಿರುತ್ತಿತ್ತು.

ನಾವು ನೋಂದಾಯಿಸುವಾಗ ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಸೇರಿ ಶೇ 5.6, ನೋಂದಣಿ ಶುಲ್ಕ ಶೇ 1, ಒಟ್ಟು ಶೇ 6.6 ಆಯಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2ಕ್ಕೆ ಏರಿದ ಕಾರಣ ಆಮೇಲೆ ಕೊಂಡವರ ಲೆಕ್ಕ ಶೇ 7.6. ಇದನ್ನು ಒಪ್ಪಂದದ ಬೆಲೆ ಮತ್ತು ಆ ಪ್ರದೇಶಕ್ಕೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಕಟ್ಟಬೇಕು. ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರಷ್ಟನ್ನು ಮಾರುವವರ ಹಣದಿಂದ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವ ಹೊಣೆ ಕೊಳ್ಳುವವರದು. ಊರ ನಡುವಿನ ಹಳೆಯ ಫ್ಲ್ಯಾಟುಗಳ ಒಡೆಯರು ವಿದೇಶದಲ್ಲಿ ನೆಲೆಸಿರುವುದು ಸಾಮಾನ್ಯ. ಮಾರುವವರು ಅನಿವಾಸಿಗಳಾದರೆ ಈ ಶೇ 1ರ ಲೆಕ್ಕ ನಡೆಯುವುದಿಲ್ಲ, ಹಿಡಿಯಬೇಕಾದ ತೆರಿಗೆ ಬಹಳ ಹೆಚ್ಚು. ಮುಂಗಡ ಕೊಡುವ ಮುನ್ನವೇ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳುವುದು ಲೇಸು.

ಹಳೆಯ ಕಟ್ಟಡದಲ್ಲಿ ನೀವು ಕೊಳ್ಳುತ್ತಿರುವುದು ಗೋಡೆಯನ್ನಲ್ಲ, ನೆಲದ ಪಾಲನ್ನು. ನಮ್ಮ ಫ್ಲ್ಯಾಟಿನ ಸೂಪರ್ ಬಿಲ್ಟ್‌ಅಪ್ (ಮೆಟ್ಟಿಲು, ಲಿಫ್ಟು ಮುಂತಾದವುಗಳ ಪಾಲೂ ಸೇರಿದ ಅಳತೆ) 1,180 ಚದರಡಿ ಎಂದಿದ್ದರೂ ಒಳಗೆ ಟೇಪು ಹಿಡಿದಾಗ ಸಿಕ್ಕಿದ್ದು 870. ಆದರೆ ನಿವೇಶನದಲ್ಲಿ ನಮ್ಮ ಅವಿಭಾಜ್ಯ ಪಾಲು 540 ಚದರಡಿ ಇದೆ. ಇದೇ ಹಣಕ್ಕೆ ಹೊರವಲಯದ ಹೊಸ ಗೋಪುರಗಳಲ್ಲಿ ಈಜುಕೊಳ, ಜಿಮ್ಮು, ಮಕ್ಕಳ ಮೈದಾನ ಎಲ್ಲ ಸಿಕ್ಕರೂ, ನೂರಾರು ಮನೆಗಳ ನಡುವೆ ಹಂಚಿಹೋದ ನೆಲದಲ್ಲಿ ಇಷ್ಟು ಪಾಲು ಸಿಗುವುದಿಲ್ಲ. ಒಂದು ದಿನ ಈ ಕಟ್ಟಡವನ್ನು ಕೆಡವಿ ಕಟ್ಟುವಾಗ ಬೆಲೆ ಬರುವುದು ಆ ಪಾಲಿಗೇ. ನಮ್ಮ ವಕೀಲರು ಇಪ್ಪತ್ತೂ ಮನೆಗಳ ಪಾಲನ್ನು ಕೂಡಿಸಿ ನೋಡಿ, ನೂರಕ್ಕೆ ತೊಂಬತ್ತಾರೇ ಆಗುತ್ತದೆ, ಉಳಿದ ನಾಲ್ಕು ಮೂಲ ಭೂಮಾಲೀಕರ ವಾರಸುದಾರರಲ್ಲೇ ಉಳಿದಿದೆ ಎಂದು ಕಂಡುಹಿಡಿದರು. ಅದು ಮನೆ ಬಿಡುವಂಥ ದೋಷವಲ್ಲದಿದ್ದರೂ ಬೆಲೆ ಇಳಿಸಿ ಕೇಳಲು ನಮಗೊಂದು ಕಾರಣವಾಯಿತು. ಕಾರು ನಿಲ್ಲಿಸುವ ಜಾಗಕ್ಕೆ ಬೇರೆಯಾಗಿ ನಾಲ್ಕು ಲಕ್ಷ ಕೇಳಿದ್ದರು. ಕಟ್ಟಡದಡಿಯ ಇಂಥ ತೆರೆದ ಜಾಗವನ್ನು ಬಿಲ್ಡರು ಫ್ಲ್ಯಾಟಿನಿಂದ ಬೇರೆ ಮಾಡಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ ಎಂದು ನೆನಪಿಸಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ನೀರು, ವಿದ್ಯುತ್ತಿನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಸಂಪು ತುಂಬುತ್ತದೆ, ಈ ಒಂದು ವರ್ಷದಲ್ಲಿ ಎರಡೇ ಸಲ ಟ್ಯಾಂಕರು ತರಿಸಿದ್ದು.

ಇಷ್ಟು ಓದಿದವರಿಗೆ ನಾನು ಪಶ್ಚಾತ್ತಾಪ ಪಡುತ್ತಿದ್ದೇನೆ ಎನಿಸಬಹುದು, ಹಾಗಿಲ್ಲ. ಬೆಳಗ್ಗೆ ಐದೂ ಮುಕ್ಕಾಲಿಗೆ ಮನೆ ಬಿಟ್ಟರೆ ಹತ್ತು ಹನ್ನೆರಡು ನಿಮಿಷಕ್ಕೆ ಕಬ್ಬನ್ ಉದ್ಯಾನದಲ್ಲಿರುತ್ತೇನೆ. ಭಾನುವಾರ ಒಳಗೆ ವಾಹನಗಳಿಲ್ಲದೆ ಬಿದಿರುಮೆಳೆಯ ಕಡೆಯ ಹಾದಿಯೆಲ್ಲ ನಡೆಯುವವರದೇ. ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಮುಂದೆ ಕುಳಿತು ಪತ್ರಿಕೆ ಓದುವ ನಾಲ್ವರು ಈಗ ನನ್ನ ಸ್ನೇಹಿತರು. ಹೆಂಡತಿಯ ಕಚೇರಿ ಇಂದಿರಾನಗರದಲ್ಲಿರುವುದರಿಂದ ಮೆಟ್ರೊದ ನೇರಳೆ ಮಾರ್ಗ ಅವಳ ದಿನಕ್ಕೆ ಒಂದೂವರೆ ಗಂಟೆ ಉಳಿಸಿದೆ. ಚರ್ಚ್ ಸ್ಟ್ರೀಟಿನ ಬ್ಲಾಸಮ್ ಮತ್ತು ಬುಕ್‌ವರ್ಮ್‌ಗಳಲ್ಲಿ ಹಳೆಯ ಪುಸ್ತಕ ಕೆದಕಲು ಮೊದಲು ತಿಂಗಳಿಗೊಮ್ಮೆ ದಂಡಯಾತ್ರೆ ಹೊರಡುತ್ತಿದ್ದ ನಾನು ಈಗ ಚಪ್ಪಲಿ ಮೆಟ್ಟಿ ಹೋಗಿಬರುತ್ತೇನೆ. ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ಮುಗಿಸಿ ಒಂಬತ್ತೂವರೆಗೆ ಹೊರಬಿದ್ದರೆ ಆಟೊದವರೊಡನೆ ಬನಶಂಕರಿಗೆ ಚೌಕಾಸಿ ಮಾಡಬೇಕಾದ ಕಾಲ ಮುಗಿಯಿತು.

ಕೊರತೆ ಎಂದರೆ ದಿನಬಳಕೆಯದು. ಬನಶಂಕರಿಯಲ್ಲಿ ಬೆಳಗ್ಗೆ ಆರಕ್ಕೆ ಬಾಗಿಲಿಗೇ ಬರುತ್ತಿದ್ದ ಸೊಪ್ಪಿನವಳು ಇಲ್ಲಿ ಇಲ್ಲ. ಒಂದು ಕಟ್ಟು ದಂಟಿನ ಸೊಪ್ಪಿಗೆ ಜಾನ್ಸನ್ ಮಾರುಕಟ್ಟೆಗೋ ಶಿವಾಜಿನಗರದ ರಸೆಲ್ ಮಾರುಕಟ್ಟೆಗೋ ಹೋಗಬೇಕು. ಹದಿನಾರು ಬಗೆಯ ಕಾಫಿ ಸಿಗುವ ಬೀದಿಯಲ್ಲಿ ಬೆಳಗ್ಗೆ ಆರಕ್ಕೆ ಬಿಸಿ ಇಡ್ಲಿ ಸಿಗುವುದಿಲ್ಲ ಎಂಬುದು ಅಮ್ಮನ ನಿತ್ಯದ ದೂರು.

ಜನಜಂಗುಳಿಯ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಿನ್ನಸ್ವಾಮಿ ಕ್ರೀಡಾಂಗಣ ನಮ್ಮಿಂದ ನಡೆದು ಹೋಗುವಷ್ಟು ಹತ್ತಿರ. ಐಪಿಎಲ್ ಪಂದ್ಯವಿದ್ದ ಸಂಜೆಗಳಲ್ಲಿ ಕಾರು ಹೊರತೆಗೆಯುವ ಯೋಚನೆಯನ್ನೇ ಬಿಟ್ಟಿದ್ದೆವು. 2025ರ ಜೂನ್ 4ರಂದು ಅಲ್ಲಿ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತ ಸಂಜೆ, ಒಂದರ ಹಿಂದೊಂದು ಹೋದ ಆಂಬುಲೆನ್ಸುಗಳ ಸದ್ದನ್ನು ಬಾಲ್ಕನಿಯಲ್ಲಿ ನಿಂತು ಕೇಳಿದ್ದು ಮರೆಯುವಂಥದ್ದಲ್ಲ. ಡಿಸೆಂಬರ್ 31ರಂದು ಬ್ರಿಗೇಡ್ ರಸ್ತೆಯ ಸುತ್ತ ವಾಹನ ಸಂಚಾರ ನಿಲ್ಲಿಸುವುದರಿಂದ, ಬೇಕಾದ ಹಾಲು, ಔಷಧಿಗಳನ್ನು ಮಧ್ಯಾಹ್ನದೊಳಗೇ ತಂದಿಟ್ಟುಕೊಂಡು ಒಳಗಿರುವುದು ಕ್ಷೇಮ.

ನೀವು ಮೆಚ್ಚಿ ಬರುವ ಸಂಗತಿಗಳೂ ಇಲ್ಲಿ ಉಳಿಯುತ್ತವೆ ಎಂಬ ಖಾತ್ರಿಯಿಲ್ಲ. ನಾನು ಕಾಲೇಜಿನ ದಿನಗಳಲ್ಲಿ ಸಿನಿಮಾ ನೋಡಿದ ಪ್ಲಾಜಾ ಹೋಗಿ ಮೆಟ್ರೊ ಬಂತು, ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು, ಎಂ.ಜಿ. ರಸ್ತೆಯಲ್ಲಿ ದಶಕಗಟ್ಟಲೆ ಇದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲೇ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂತು. ಇಂದು ಕೆಳಗೆ ಪುಸ್ತಕದಂಗಡಿ ಇದೆಯೆಂದು ಕೊಂಡ ಮನೆಯ ಕೆಳಗೆ ನಾಳೆ ಪಬ್ಬು ಬರಬಹುದು. ಅದಕ್ಕೇ ಬೀದಿಗೆ ಮುಖ ಮಾಡಿದ ಮನೆಗಿಂತ ಒಳಭಾಗದ ಮನೆಗೆ ಹೆಚ್ಚು ಬೆಲೆ ಕೊಡಲು ನಾನು ಸಿದ್ಧ, ದಲ್ಲಾಳಿಗಳು ಇದರ ತಿರುಗುಮುರುಗು ಹೇಳುತ್ತಾರಾದರೂ.

ಅಂಕ ಕೊಡಲೇಬೇಕೆಂದರೆ ಐದಕ್ಕೆ ಮೂರೂವರೆ. ಕಿಟಕಿ ಹಾಕಿಸುವ ಮೊದಲು ಎರಡು ಎನ್ನುತ್ತಿದ್ದೆ. ಕಳೆದ ತಿಂಗಳು ನಮ್ಮ ಮೇಲಿನ ಮಹಡಿಯ ಮನೆ ಮಾರಾಟಕ್ಕೆ ಬಂತು. ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಒಬ್ಬ ದಲ್ಲಾಳಿ ಯುವ ದಂಪತಿಯೊಂದನ್ನು ಕರೆತಂದಿದ್ದರು. ಲಿಫ್ಟಿನಲ್ಲಿ ಸಿಕ್ಕಾಗ, ಶನಿವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಮನೆಗೆ ಕಾಫಿಗೆ ಬನ್ನಿ ಎಂದು ಅವರನ್ನು ಕರೆದೆ. ದಲ್ಲಾಳಿ ನನ್ನನ್ನು ಕೆಕ್ಕರಿಸಿ ನೋಡಿದರು. ದಂಪತಿ ಹೇಳಿದ ಹೊತ್ತಿಗೆ ಬಂದರು, ಒಳಗಿನ ಕಿಟಕಿ ತೆರೆಸಿ, ಮುಚ್ಚಿಸಿ, ಅರ್ಧ ಗಂಟೆ ಕುಳಿತರು, ಲೋಟಗಳ ಗುಂಯ್‌ಗಾಟವನ್ನೂ ಕೇಳಿದರು. ಮಾರುವವರು ಹೇಳಿದ ಬೆಲೆಯಲ್ಲಿ ಎಂಟು ಲಕ್ಷ ಕಡಿಮೆ ಮಾಡಿಸಿ ಅವರು ಮನೆ ಕೊಂಡರೆಂದು ಮೊನ್ನೆ ತಿಳಿಯಿತು. ಕಿಟಕಿಯವರ ಫೋನ್ ನಂಬರು ಕೇಳಲು ಬಂದಿದ್ದರು.